ಯಾರೂ ನೋಡದ ಗೋಡೆ

ಮನೆಗೆ ನಾಲ್ಕು ಗೋಡೆಗಳಿರಬೇಕೆಂದು ಮೊದಲು ನಿರ್ಧರಿಸಿದವರು ಯಾರೋ ಗೊತ್ತಿಲ್ಲ. ಅವರಿಗೆ ಹೆಂಡತಿ ಇರಲಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಇರಲಿಲ್ಲ, ಮಿನೆಸೋಟಾದ ಆಲಿಕಲ್ಲು ಮಳೆಯನ್ನು ಅವರು ಕಂಡಿರಲಿಲ್ಲ ಎಂಬುದಂತೂ ಖಚಿತ. ಕಂಡಿದ್ದರೆ ಮೂರಕ್ಕೇ ನಿಲ್ಲಿಸುತ್ತಿದ್ದರು. ನನ್ನ ಮನೆಯ ಮೂರು ಗೋಡೆಗಳ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ಮಾನ ಹೋದದ್ದು ನಾಲ್ಕನೆಯದರಿಂದ.

ನಮ್ಮ ಕಡೆ ಮನೆ ಎಂದರೆ ಮರದ ಅಸ್ಥಿಪಂಜರ. ಅದರ ಮೇಲೆ ಹೊರಗಿನಿಂದ ಅಡ್ಡಪಟ್ಟಿಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ತೊಡಿಸುತ್ತೇವೆ. ಅದೇ ಸೈಡಿಂಗ್. ಮನೆಯ ಅಂಗಿ ಎಂದುಕೊಳ್ಳಿ. ಹಳೆಯ ಫೋಟೋದಲ್ಲಿ ಅಂಗಿಯ ಕಾಲರ್ ನೋಡಿ ಇದು ಯಾವ ಕಾಲದ ಫೋಟೋ ಎಂದು ಹೇಳುತ್ತೇವಲ್ಲ, ಹಾಗೆಯೇ ಸೈಡಿಂಗ್ ನೋಡಿ ಮನೆಯ ವಯಸ್ಸು ಹೇಳಬಹುದು. ಬಾಸ್‌ವುಡ್ ಬೀದಿಯಲ್ಲಿ ಹಾಗೆ ಹೇಳುತ್ತಿದ್ದವನು ನಾನು. (ಯಾರೂ ಕೇಳಿರಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಯಾರೂ ಕೇಳದಿದ್ದರೂ ಹೇಳುವುದಕ್ಕೇ ಸರ್ಕಾರ ನನಗೆ ಇಪ್ಪತ್ತೊಂಬತ್ತು ವರ್ಷದಿಂದ ಸಂಬಳ ಕೊಡುತ್ತಿದೆ.)

ನಮ್ಮ ಮೂಲೆಯಲ್ಲಿ ಮೂರು ಮನೆ, ಮೂರು ಯುಗ. ನಮ್ಮ ಉತ್ತರಕ್ಕಿರುವುದು ವೆರ್ನಾ ಸಾಂಡ್ವಿಕ್ ಅವರದು. ೧೯೧೪ರಲ್ಲಿ ಕಟ್ಟಿದ್ದು, ಅಚ್ಚ ದೇವದಾರಿನ ಹಲಗೆ, ಬಿಳಿ ಬಣ್ಣ. ಮರದ ಅಂಗಿ ಬಲು ಚೆಂದ, ಆದರೆ ನಾಲ್ಕೈದು ವರ್ಷಕ್ಕೊಮ್ಮೆ ಕೆರೆದು ಬಳಿಯದಿದ್ದರೆ ಸಿಪ್ಪೆ ಸುಲಿಯುತ್ತದೆ. ಎದುರಿನದು ಆರ್ವಿಲ್ ಟೆಶ್‌ನದು. ೧೯೫೩ರದು, ಕಲ್ನಾರಿನ ಬಿಲ್ಲೆಗಳು. ಸುಡುವುದಿಲ್ಲ, ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ನಾವೂ ಮುಟ್ಟಬಾರದು, ಒಡೆದರೆ ಧೂಳು ಎದೆಗೆ ಹೋಗುತ್ತದೆ. ನಡುವಯಸ್ಸಿಗೆ ಕಾಲಿಟ್ಟ ನಮ್ಮದು ೧೯೮೭ರ ವಿನೈಲ್, ಅಂದರೆ ಪ್ಲಾಸ್ಟಿಕ್. ಬಣ್ಣ ಬಳಿಯುವ ಗೋಜಿಲ್ಲ, ಕೊಳಾಯಿ ಹಿಡಿದು ತೊಳೆದರೆ ಮುಗಿಯಿತು. ಮೂರರಲ್ಲಿ ನಮ್ಮದೇ ಬುದ್ಧಿವಂತರ ಅಂಗಿ ಎಂದು ನಾನು ಉಳಿದ ಇಬ್ಬರಿಗೂ ಆಗಾಗ ತಿಳಿಸುತ್ತಿದ್ದೆ. ಆರ್ವಿಲ್ ಮೂವತ್ತೈದು ವರ್ಷ ಸೈಡಿಂಗ್ ಹೊಡೆದು ನಿವೃತ್ತನಾದವನು. ಅವನು ಹಲ್ಲುಕಡ್ಡಿ ಕಚ್ಚಿಕೊಂಡು ಕೇಳುತ್ತಿದ್ದ. ವೆರ್ನಾ, "ಹೌದಾ" ಎನ್ನುತ್ತಿದ್ದರು.

ಎಂಟು ವರ್ಷದ ಹಿಂದೆ ನನ್ನ ಹುಲ್ಲು ಕತ್ತರಿಸುವ ಯಂತ್ರ ಒಂದು ಕಲ್ಲನ್ನು ಎತ್ತಿ ಮುಂದಿನ ಗೋಡೆಗೆ ಬೀಸಿತು. ವಿನೈಲಿನಲ್ಲಿ ಮುಷ್ಟಿ ಗಾತ್ರದ ತೂತು. ಅಂಗಡಿಗೆ ಹೋಗಿ ನಮ್ಮ ಬಣ್ಣದ ಪಟ್ಟಿ ಕೇಳಿದೆ. ಹಳದಿಯೂ ಅಲ್ಲದ, ಕೆನೆಯೂ ಅಲ್ಲದ ಆ ಬಣ್ಣವನ್ನು ಕಂಪನಿಯವರು ನಿಲ್ಲಿಸಿ ಇಪ್ಪತ್ತು ವರ್ಷವಾಯಿತು ಎಂದರು. ಸಿಕ್ಕರೂ ಹೊಂದುತ್ತಿರಲಿಲ್ಲ, ನಮ್ಮದು ಬಿಸಿಲಿಗೆ ಮಾಸಿ ಬೇರೆಯದೇ ಆಗಿತ್ತು. ಆಗ ಆರ್ವಿಲ್ ತನ್ನ ಕಸುಬಿನ ಗುಟ್ಟು ಹೇಳಿದ.

"ಯಾರೂ ನೋಡದ ಕಡೆಯಿಂದ ಒಂದು ಪಟ್ಟಿ ಬಿಚ್ಚು. ಅದನ್ನ ಮುಂದೆ ಹಾಕು. ಹೊಸದು ಏನು ಸಿಗುತ್ತೋ ಅದನ್ನ ಅಲ್ಲಿ ತುಂಬು. ಎಲ್ಲ ಸೈಡಿಂಗಿನವರೂ ಮಾಡೋದು ಇದೇ."

"ಬಣ್ಣ ಹೊಂದುತ್ತಾ?"

"ಬಿಸಿಲು ಬೀಳದ ಕಡೇದು ಸ್ವಲ್ಪ ಎಳೇದಾಗಿ ಕಾಣುತ್ತೆ. ಎರಡು ಬೇಸಿಗೆ ಕೊಡು, ಮುಪ್ಪಾಗುತ್ತೆ. ನೀನು ಆಗಿಲ್ವಾ?"

ಯಾರೂ ನೋಡದ ಕಡೆ ಯಾವುದು? ಪೂರ್ವದ ಗೋಡೆ ಬೀದಿಗೆ. ಪಶ್ಚಿಮದ್ದು ಹಿತ್ತಲಿಗೆ, ಅಲ್ಲಿ ನಾವು ಕೂರುತ್ತೇವೆ. ದಕ್ಷಿಣದ್ದು ಅಡ್ಡರಸ್ತೆಗೆ, ಅಲ್ಲಿ ನಾಯಿ ಹಿಡಿದು ಊರೇ ಓಡಾಡುತ್ತದೆ. ಉಳಿದದ್ದು ಉತ್ತರದ ಗೋಡೆ. ಅಲ್ಲಿ ರಸ್ತೆ ಇಲ್ಲ, ಅಂಗಳ ಇಲ್ಲ. ವೆರ್ನಾ ಅವರ ಹುಲ್ಲು, ಹುಲ್ಲಿನಾಚೆ ವೆರ್ನಾ ಅವರ ಅಡುಗೆಮನೆಯ ಕಿಟಕಿ, ಅಷ್ಟೇ. ದಿಕ್ಕುಗಳ ವಿಷಯದಲ್ಲಿ ಪ್ರಮಾಣಪತ್ರ ಪಡೆದ ನಾನು ಲೆಕ್ಕ ಹಾಕಿ ಘೋಷಿಸಿದೆ: ಉತ್ತರದ ಗೋಡೆಯನ್ನು ಯಾರೂ ನೋಡುವುದಿಲ್ಲ.

ಕೊಕ್ಕೆಯಂಥ ಒಂದು ಪುಟ್ಟ ಉಪಕರಣವಿದೆ. ಅದನ್ನು ಪಟ್ಟಿಯ ಅಂಚಿಗೆ ಸಿಕ್ಕಿಸಿ ಎಳೆದರೆ, ಜಿಪ್ ಬಿಚ್ಚಿದ ಹಾಗೆ ಸರ್ರನೆ ಕಳಚಿಕೊಳ್ಳುತ್ತದೆ. ಅದೊಂದು ಚಟ. ಆಲಿಕಲ್ಲು ಬಿದ್ದಾಗ ನಾಲ್ಕು ಪಟ್ಟಿ ಬಿಚ್ಚಿದೆ. ಮರುವರ್ಷ ಏಣಿ ಜಾರಿ ಎರಡು. ಮಗಳು ಬ್ರಿಟ್ಟಾ ಹಾಕಿ ಆಟದ ಚೆಂಡು ಹೊಡೆದು ಮೂರು. ಬಿಚ್ಚಿದ ಜಾಗಕ್ಕೆ ಕೈಗೆ ಸಿಕ್ಕಿದ್ದು ತುಂಬಿದೆ: ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಬಿಳಿ, ಆರ್ವಿಲ್‌ನ ಗ್ಯಾರೇಜಿನಲ್ಲಿ ಉಳಿದಿದ್ದ ನೀಲಿ, ಬೂದಿ, ಗಾಯಕ್ಕೆ ಬಳಿಯುವ ಔಷಧಿಯಂಥ ಒಂದು ಕಂದು. ಮುಂದಿನ ಗೋಡೆ ಮದುಮಗನ ಹಾಗೆ ಫಳಫಳಿಸಿತು. ಹೆಂಡತಿ ಮಾರ್ಲಿಸ್ ಮಾತ್ರ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು, ವೆರ್ನಾ ನೋಡುತ್ತಾರೆ ಎಂದು. ವೆರ್ನಾ ಅವರಿಗೆ ಎಂಬತ್ತಮೂರು, ಕಣ್ಣು ಅಷ್ಟಕ್ಕಷ್ಟೆ ಎಂದು ನಾನು ಸಮಾಧಾನ ಹೇಳುತ್ತಿದ್ದೆ. (ಅವರ ಕಣ್ಣು ಪರೀಕ್ಷೆ ಮಾಡಿದ್ದು ನಾನೇ, ಮನಸ್ಸಿನಲ್ಲೇ.)

ವೆರ್ನಾ ಒಂದು ಮಾತೂ ಆಡಲಿಲ್ಲ. ಆಡುವ ಊರೂ ಅಲ್ಲ ನಮ್ಮದು. ಇಲ್ಲಿ ಅಡುಗೆ ಉಪ್ಪಾಗಿದ್ದರೂ, ಅಳಿಯ ಕುಡುಕನಾದರೂ, ಚರ್ಚಿನ ಮಾಡು ಕುಸಿದರೂ ಸಭ್ಯರು ಹೇಳುವುದು, "ಬೇರೆ ಥರಾ ಇದೆ" ಎಂದಷ್ಟೇ. ಅದಕ್ಕಿಂತ ಕಠೋರವಾದ ಮಾತು ನಮ್ಮಲ್ಲಿ ಚಲಾವಣೆಯಲ್ಲಿಲ್ಲ. ನೀಲಿ ಪಟ್ಟಿ ಹಾಕಿದ ದಿನ ವೆರ್ನಾ ಬಟ್ಟೆ ಒಣಹಾಕಲು ಬಂದವರು ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, "ಬೇರೆ ಥರಾ ಇದೆ, ಡ್ವೇನ್" ಎಂದರು. ನಾನು ಥ್ಯಾಂಕ್ಸ್ ಎಂದೆ.

ವೆರ್ನಾ ಅವರ ಕೆಲಸವೂ ನನಗೆ ವಿಚಿತ್ರವಾಗಿಯೇ ಕಾಣುತ್ತಿತ್ತು. ಗಂಡ ಐನಾರ್ ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. ಅವರು ಇದ್ದಾಗ ಮನೆ ನಾಲ್ಕೂ ಕಡೆ ಹಾಲಿನಂತಿತ್ತು. ಆಮೇಲೆ ಮುಂಭಾಗದ ಬಣ್ಣ ಸಿಪ್ಪೆ ಎದ್ದಿತು, ಹಿಂಭಾಗದಲ್ಲಿ ಮರವೇ ಕಾಣತೊಡಗಿತು. ಆದರೆ ಪ್ರತಿ ಜುಲೈನಲ್ಲಿ ವೆರ್ನಾ ಅಡುಗೆಮನೆಯ ಮೆಟ್ಟಿಲು ಸ್ಟೂಲನ್ನು ಹೊರಗೆ ತಂದಿಟ್ಟುಕೊಂಡು, ಕೈ ಎಟುಕುವಷ್ಟು ಎತ್ತರಕ್ಕೆ, ನಮ್ಮ ಕಡೆಗಿರುವ ದಕ್ಷಿಣದ ಗೋಡೆಯನ್ನು ಮಾತ್ರ ಬಳಿಯುತ್ತಿದ್ದರು. ಬೀದಿಗೆ ಕಾಣುವ ಮುಂಭಾಗ ಬಿಟ್ಟು ಸಂದಿಯ ಗೋಡೆಗೆ ಬಣ್ಣ. ವಯಸ್ಸಾಯಿತು, ದಿಕ್ಕು ತಪ್ಪಿದೆ ಎಂದು ನಾನು ಮರುಗಿದ್ದೆ. ಬರೀ ಮರುಗಲಿಲ್ಲ, ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತು, ಕುಂಚವನ್ನು ಹಲಗೆಯ ಉದ್ದಕ್ಕೆ ಎಳೆಯಬೇಕೆಂದೂ, ಯಾರೂ ನೋಡದ ಗೋಡೆಗೆ ಇಷ್ಟು ಬಣ್ಣ ದಂಡವೆಂದೂ ಉಪದೇಶಿಸಿದೆ. ಅವರು ಸ್ಟೂಲಿನ ಮೇಲಿಂದ ತಿರುಗಿ ನನ್ನನ್ನು ನೋಡಿದರು. "ಹೌದಾ" ಎಂದರು. ಮತ್ತೆ ಬಳಿಯತೊಡಗಿದರು.

ಯಾರೂ ನೋಡದ ಗೋಡೆ ಎಂದು ಹೇಳುವಾಗ ಅದನ್ನೇ ನೋಡುತ್ತ ನಿಂತಿದ್ದೆ. ಅದು ನನಗೆ ಹೊಳೆಯಲಿಲ್ಲ.

ಈ ವರ್ಷ ಬ್ರಿಟ್ಟಾ ಹೈಸ್ಕೂಲು ಮುಗಿಸಿದಳು. ನಮ್ಮಲ್ಲಿ ಮಕ್ಕಳು ಹೈಸ್ಕೂಲು ಮುಗಿಸಿದರೆ ಜೂನ್ ತಿಂಗಳಲ್ಲಿ ಓಪನ್ ಹೌಸ್ ಮಾಡಬೇಕು. ಬಂಧುಗಳು, ಸಹಪಾಠಿಗಳು, ಚರ್ಚಿನವರು, ದಂತವೈದ್ಯರು, ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರು, ಎಲ್ಲರೂ ಬಂದು ಹಂದಿಮಾಂಸದ ಬನ್ನು ತಿಂದು ಮನೆ ನೋಡಿ ಹೋಗುತ್ತಾರೆ. ಹುಡುಗಿಯನ್ನು ನೋಡಲು ಬರುವುದು ಎಂದು ಕಾರ್ಡಿನಲ್ಲಿ ಅಚ್ಚಾಗಿರುತ್ತದೆ. ನೋಡುವುದು ಮನೆಯನ್ನು. ಹಾಗಾಗಿ ಆ ವಸಂತದಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳಿರುವ ಮನೆಗಳನ್ನು ಊರಿನಲ್ಲಿ ಸುಲಭವಾಗಿ ಗುರುತಿಸಬಹುದು: ಅಪ್ಪ ಮಾಡಿನ ಮೇಲಿರುತ್ತಾನೆ, ಅಮ್ಮ ಕೆಳಗೆ ನಿಂತು ಕೈ ತೋರಿಸುತ್ತಿರುತ್ತಾಳೆ.

ಮಾರ್ಲಿಸ್‌ಳದು ಒಂದೇ ಆಸೆ. ಬ್ರಿಟ್ಟಾ ಒಬ್ಬಳೇ ಮಗಳು. ಈ ಹಬ್ಬ ಇನ್ನೊಮ್ಮೆ ಬರುವುದಿಲ್ಲ. ಒಂದು ಮಧ್ಯಾಹ್ನದ ಮಟ್ಟಿಗೆ, ಎರಡರಿಂದ ಐದರವರೆಗೆ, ಮನೆ ನೋಡುವ ಹಾಗಿರಬೇಕು. ಅಷ್ಟು ಮಾಡಿಕೊಡುತ್ತೇನೆಂದು ನಾನು ಎದೆ ತಟ್ಟಿ ಹೇಳಿದೆ. ಮೂರು ಗೋಡೆ ತೊಳೆದೆ, ಹಿತ್ತಲಿನದನ್ನಂತೂ ಬೆಣ್ಣೆಯಂತೆ ಮಾಡಿದೆ. ಹಿತ್ತಲಿನಲ್ಲೇ ಊಟವಲ್ಲವೇ?

ಹತ್ತು ದಿನ ಉಳಿದಿರುವಾಗ ಒಂದು ಸಂಜೆ, ಮಾಂಸ ಸುಡುವ ಗ್ರಿಲ್ಲನ್ನು ಪರೀಕ್ಷಿಸಲು ಹೊರಟೆ. ಸಣ್ಣಗೆ ತುಂತುರು ಹನಿಯುತ್ತಿತ್ತು. ಸಾಸೇಜು ನೆನೆಯಬಾರದೆಂದು ಗ್ರಿಲ್ಲನ್ನು ಸೂರಿನ ಕೆಳಗೆ, ಹಿತ್ತಲಿನ ಗೋಡೆಗೆ ಹತ್ತಿರ ತಳ್ಳಿ ಮುಚ್ಚಳ ಹಾಕಿ ಒಳಗೆ ಬಂದೆ. ವಿನೈಲ್ ಬೆಂಕಿಗೆ ಹೇಗೆ ವರ್ತಿಸುತ್ತದೆ ಎಂಬುದರ ಮೇಲೆ ನಾನು ಇದೇ ಬೀದಿಯಲ್ಲಿ ಎರಡು ಸಲ ಭಾಷಣ ಮಾಡಿದ್ದೆ. ಇಪ್ಪತ್ತು ನಿಮಿಷದ ಮೇಲೆ ಹೋಗಿ ನೋಡಿದರೆ ಆರು ಪಟ್ಟಿಗಳು ಮೇಣದ ಹಾಗೆ ಕರಗಿ, ನಡುವೆ ಜೋತು, ಎರಡು ತುದಿ ಮೇಲೆತ್ತಿ, ಥೇಟು ನಗುವ ಬಾಯಿಯ ಆಕಾರ ತಾಳಿದ್ದವು. ಗೋಡೆ ನನ್ನನ್ನು ನೋಡಿ ನಗುತ್ತಿತ್ತು. ಸಾಸೇಜು ಮಾತ್ರ ಹದವಾಗಿ ಬೆಂದಿತ್ತು.

ಮಾರ್ಲಿಸ್ ಬಂದು ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಯಾರನ್ನಾದ್ರೂ ಕರೆಸೋಣ ಡ್ವೇನ್. ಒಂದೇ ಒಂದು ಸಲ, ಕೆಲಸ ಗೊತ್ತಿರೋರನ್ನ."

"ಹತ್ತು ದಿನದಲ್ಲಿ ಯಾರು ಬರ್ತಾರೆ? ಉತ್ತರದ ಕಡೆ ಇನ್ನೂ ಎಂಟು ಒಳ್ಳೇ ಪಟ್ಟಿ ಇದೆ."

"ಇರೋದೇ ಅಷ್ಟು. ಅದನ್ನೂ ಕಿತ್ತರೆ ಆ ಗೋಡೆ ಏನಾಗುತ್ತೆ? ವೆರ್ನಾ ಪಾತ್ರೆ ತೊಳೀವಾಗೆಲ್ಲ ಅದೇ ತಾನೆ ಕಾಣೋದು?"

"ಓಪನ್ ಹೌಸಿಗೆ ಬರೋರು ವೆರ್ನಾ ಮನೇಲಿ ಪಾತ್ರೆ ತೊಳಿಯಲ್ಲ."

ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ನಾನು ಮರೆಯಲು ಯತ್ನಿಸುತ್ತಿದ್ದೇನೆ.

ಆರು ಪಟ್ಟಿ ಸರ್ರನೆ ಬಂದವು. ಹಿತ್ತಲಿನ ಗೋಡೆ ಮತ್ತೆ ಬೆಣ್ಣೆಯಾಯಿತು. ಉತ್ತರಕ್ಕೆ ತುಂಬಲು ಏನೂ ಸಿಗದೆ, ಕರಗಿದ ಪಟ್ಟಿಗಳನ್ನೇ ಆದಷ್ಟು ನೆಟ್ಟಗೆ ಮಾಡಿ ಅಲ್ಲಿ ಸಿಕ್ಕಿಸಿದೆ. ಅವು ಅಲ್ಲಿಯೂ ನಗುತ್ತಿದ್ದವು. ಆಚೆ ವೆರ್ನಾ ಅವರ ಕಿಟಕಿಯ ಪರದೆ ಒಮ್ಮೆ ಅಲುಗಿದ ಹಾಗಾಯಿತು. ಗಾಳಿ ಎಂದುಕೊಂಡೆ.

ಮರುವಾರ ನಾಲ್ಕು ದಿನ ಮಳೆ ಬಿಡದೆ ಹೊಯ್ಯಿತು. ನಮ್ಮ ಹಿತ್ತಲು ತಗ್ಗು. ಶುಕ್ರವಾರ ಬೆಳಿಗ್ಗೆ ಅದರಲ್ಲಿ ಎರಡು ಬಾತುಕೋಳಿಗಳು ಸಂಸಾರ ಹೂಡಲು ಜಾಗ ನೋಡುತ್ತಿದ್ದವು. ಮರುದಿನ ನೂರಾ ನಲವತ್ತು ಜನ ಬರುವವರು. ಮಾರ್ಲಿಸ್ ಕಿಟಕಿಯ ಬಳಿ ಕೈ ಕಟ್ಟಿಕೊಂಡು ನಿಂತುಬಿಟ್ಟಳು. ಆಗ ವೆರ್ನಾ ನಿಂಬೆ ಬಾರ್ ಎಂಬ ಹುಳಿಸಿಹಿ ತಿಂಡಿಯ ಒಂದು ತಟ್ಟೆ ಹಿಡಿದು ಬಂದರು. ಕೂತು ಹವಾಮಾನದ ಮಾತಾಡಿದರು, ಬಾತುಕೋಳಿಗಳು ಚೆನ್ನಾಗಿವೆ ಎಂದರು, ಎದ್ದು ಬಾಗಿಲಿನವರೆಗೂ ಹೋಗಿ, ತಮ್ಮ ಕಡೆ ಎತ್ತರ, ಹುಲ್ಲು ಒಣಗಿದೆ, ಬೇಕಿದ್ದರೆ ಅಲ್ಲೇ ಮಾಡಬಹುದು ಎಂದರು.

ಇಲ್ಲಿ ನಮ್ಮ ಊರಿನ ಒಂದು ಶಿಷ್ಟಾಚಾರ ಹೇಳಬೇಕು. ಯಾರಾದರೂ ಏನಾದರೂ ಕೊಡುತ್ತೇನೆಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ ಕೇಳಿದಾಗ, ನೀವು ಇಷ್ಟು ಹೇಳುವಾಗ, ಎಂದು ಒಪ್ಪಬೇಕು. ಮೊದಲಿನ ಎರಡು ಬಾಯಿಮಾತು, ಮೂರನೆಯದೇ ನಿಜವಾದದ್ದು. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ತೊಟ್ಟಿಲಲ್ಲೇ ಕಲಿಯುತ್ತೇವೆ. ಮಾರ್ಲಿಸ್ ನಿಮಗೆ ತೊಂದರೆ ಎಂದು ಒಂದು ಸಲ, ಅಷ್ಟು ಜನ ಹುಲ್ಲು ತುಳಿಯುತ್ತಾರೆ ಎಂದು ಎರಡನೇ ಸಲ ಬೇಡವೆಂದಳು. ವೆರ್ನಾ ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬ್ರಿಟ್ಟಾ ಬಾರ್ ಅಗಿಯುತ್ತಲೇ, "ಥ್ಯಾಂಕ್ಸ್ ಅಜ್ಜಿ, ಈಗಲೇ ಕುರ್ಚಿ ತರ್ತೀನಿ" ಎಂದಳು. ಹೊಸ ತಲೆಮಾರು. ವೆರ್ನಾ ಅವಳ ಕೆನ್ನೆ ತಟ್ಟಿದರು.

ನನಗೆ ಎಷ್ಟು ಸಮಾಧಾನವಾಯಿತೆಂದರೆ ತಲೆ ಕೆಲಸ ಮಾಡುವುದು ನಿಲ್ಲಿಸಿತು. ಮರುದಿನ ಬೆಳಿಗ್ಗೆ ಆಲೂಗಡ್ಡೆ ಸಲಾಡು ಬಿಸಿಲಿಗೆ ಕೆಡುತ್ತದೆ, ಊಟದ ಮೇಜು ಎಲ್ಲಿಡೋಣ ಎಂದು ಮಾರ್ಲಿಸ್ ಕೇಳಿದಾಗ, ಭೂಗೋಳದ ಮೇಷ್ಟ್ರು ಎದ್ದು ನಿಂತ. ಜೂನ್ ತಿಂಗಳ ನಡುಹಗಲಿನಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ. ಆದ್ದರಿಂದ ಯಾವ ಮನೆಗಾದರೂ ಉತ್ತರದ ಗೋಡೆಯ ಬುಡದಲ್ಲಿ ಒಂದು ಸಾಲು ಮೇಜಿಗೆ ಸಾಕಾಗುವಷ್ಟು ನೆರಳು ಖಾತ್ರಿ ಎಂದು ವಿವರಿಸಿದೆ. ಅಂಗೈಯ ಮೇಲೆ ಚಿತ್ರವನ್ನೂ ಬರೆದು ತೋರಿಸಿದೆ. ಅವಳು ನನ್ನನ್ನು ಒಂದು ಥರ ನೋಡಿದಳು. "ಸರಿ. ನೀನೇ ಹೇಳಿದ್ದು" ಎಂದಳು.

ನಾನು ಐಸ್ ತರಲು ಹೋಗಿ ಬರುವಷ್ಟರಲ್ಲಿ ಆರು ಮೇಜು, ಬಿಳಿ ಹೊದಿಕೆ, ಮೂವತ್ತು ಅಡಿ ಉದ್ದಕ್ಕೆ, ನನ್ನ ಉತ್ತರದ ಗೋಡೆಗೆ ಅಂಟಿಕೊಂಡು ನಿಂತಿದ್ದವು. ಮೇಜಿನ ಹಿಂದೆ, ಬಿಳಿ, ನೀಲಿ, ಬೂದಿ, ಕಂದು, ಅಲ್ಲೊಂದು ಇಲ್ಲೊಂದು ಹಳೆಯ ಹಳದಿ, ನಟ್ಟನಡುವೆ ಆ ಆರು ನಗುಗಳು. ನಗುಗಳ ಮೇಲುಗಡೆಯೇ ಬ್ರಿಟ್ಟಾಳ ಗೆಳತಿಯರು ಅವಳ ದೊಡ್ಡ ಫೋಟೋ ತೂಗುಹಾಕಿದ್ದರು.

ನೂರಾ ನಲವತ್ತು ಜನ ತಟ್ಟೆ ಹಿಡಿದು ಆ ಗೋಡೆಯ ಮುಂದೆ ಸಾಲು ನಿಂತರು. ಮನುಷ್ಯ ಊಟದ ಸಾಲಿನಲ್ಲಿ ನಿಂತಾಗ ಎದುರಿಗಿರುವುದನ್ನು ನೋಡದೆ ವಿಧಿಯಿಲ್ಲ. ನಾನು ತೊಳೆದಿಟ್ಟ ಮೂರು ಗೋಡೆಗಳನ್ನು ಒಂದು ನರಪಿಳ್ಳೆಯೂ ನೋಡಲಿಲ್ಲ, ಬಾತುಕೋಳಿಗಳು ನೋಡಿರಬಹುದು. ಪಾದ್ರಿಗಳು ಸಲಾಡಿಗೆ ಚಮಚ ಹಾಕಿ, ತಲೆ ಎತ್ತಿ, ತಲೆ ಇಳಿಸಿ, ಮತ್ತೆ ಎತ್ತಿ, "ಇದು ಬೇರೆ ಥರಾ ಇದೆ" ಎಂದರು. ಅವರ ಹೆಂಡತಿ, "ತುಂಬಾ ಬೇರೆ ಥರಾ" ಎಂದರು. ಮಾರ್ಲಿಸ್‌ಳ ಕಿವಿ ಕೆಂಪಗಾದದ್ದು ನನಗೆ ದೂರದಿಂದಲೇ ಕಂಡಿತು. ಅವಳು ಕೇಳಿದ್ದು ಒಂದೇ ಒಂದು ಮಧ್ಯಾಹ್ನ.

ಆರ್ವಿಲ್ ಸುಮ್ಮನಿರಬಹುದಿತ್ತು. ಅವನು ಬನ್ನು ಹಿಡಿದುಕೊಂಡು ಸಾಲಿನವರಿಗೆ ವಸ್ತುಸಂಗ್ರಹಾಲಯದ ಮಾರ್ಗದರ್ಶಿಯಂತೆ ವಿವರಣೆ ಶುರು ಮಾಡಿದ. "ಈ ಬಿಳಿ ಇದೆಯಲ್ಲ, ಹುಲ್ಲಿನ ಮಿಷನ್ನಿನ ಕಾಲದ್ದು. ನೀಲಿ ನನ್ನದೇ, ಆಲಿಕಲ್ಲಿನ ವರ್ಷ ಕೊಟ್ಟಿದ್ದು. ಇಲ್ಲಿ ನೋಡಿ, ಇದು ಇತ್ತೀಚಿನ ಕೃತಿ. ಸಾಸೇಜಿನ ಯುಗ."

ಜನ ನಕ್ಕರು. ನನಗೆ ಹೇಗಾದರೂ ಆ ಕಣ್ಣುಗಳನ್ನೆಲ್ಲ ಬೇರೆ ಕಡೆ ತಿರುಗಿಸಬೇಕಾಗಿತ್ತು. ತಿರುಗಿಸಲು ಇದ್ದದ್ದು ಒಂದೇ ಕಡೆ. ನಾನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ನಾನೊಬ್ಬನೇ ಅಲ್ಲ, ಹಿಂದೆ ತಿರುಗಿ ನೋಡಿ, ನಮ್ಮ ವೆರ್ನಾ ಅವರು ಮನೆಯ ಮುಂಭಾಗ ಸಿಪ್ಪೆ ಎದ್ದರೂ ಬಿಟ್ಟು ಯಾರೂ ನೋಡದ ಈ ಗೋಡೆಗೆ ವರ್ಷಾ ವರ್ಷ ಬಣ್ಣ ಹೊಡೆಯುತ್ತಾರೆ ಎಂದೆ. ಎಲ್ಲರೂ ತಿರುಗಿದರು. ಬಿಳಿ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು, ಸ್ಟೂಲಿನ ಎತ್ತರದವರೆಗೆ ಹೊಚ್ಚ ಹೊಸದು, ಅದರ ಮೇಲೆ ಐನಾರ್ ಬಳಿದದ್ದು, ಮಂಕಾಗಿ.

ವೆರ್ನಾ ಕಾಫಿ ಪಾತ್ರೆಯ ಪಕ್ಕ ಕೂತಿದ್ದರು. ಲೋಟಕ್ಕೆ ಬಗ್ಗಿಸುತ್ತಿದ್ದ ಕಾಫಿಯನ್ನು ಪೂರ್ತಿ ಬಗ್ಗಿಸಿ, ಆ ಲೋಟವನ್ನು ತೆಗೆದುಕೊಳ್ಳಬೇಕಾದವರಿಗೆ ಕೊಟ್ಟ ಮೇಲೆ ಮಾತಾಡಿದರು.

"ಐನಾರ್ ಯಾವಾಗ್ಲೂ ಪಕ್ಕದ ಮನೆಯವರ ಕಡೆಯಿಂದ ಶುರು ಮಾಡ್ತಿದ್ರು. ನಾವು ಒಳಗಿರ್ತೀವಿ, ನಮ್ಮ ಗೋಡೆ ನಮಗೆ ಕಾಣಲ್ಲ, ಅವರಿಗೆ ದಿನಾ ಕಾಣುತ್ತೆ ಅಂತ. ಈಗ ನಾಲ್ಕೂ ಕಡೆ ಮಾಡೋ ಶಕ್ತಿ ಇಲ್ಲ ನನಗೆ. ಅದಕ್ಕೆ ಅದೊಂದು ಮಾಡ್ತೀನಿ."

ಆರ್ವಿಲ್ ಬನ್ನು ಕೆಳಗಿಟ್ಟ. ವೆರ್ನಾ, ತಾವೇನೋ ಹೆಚ್ಚು ಮಾತಾಡಿಬಿಟ್ಟ ಹಾಗೆ ಸಂಕೋಚದಿಂದ, ಇನ್ನೊಂದು ಮಾತು ಸೇರಿಸಿದರು. "ಡ್ವೇನ್ ದಿನಾ ಬೆಳಿಗ್ಗೆ ಆ ಕಿಟಕೀಲಿ ನಿಂತ್ಕೊಂಡು ಕಾಫಿ ಕುಡೀತಾನಲ್ಲ."

ನಾನು ಐಸ್ ತರಬೇಕೆಂದು ಹೇಳಿ ಹೊರಟೆ. ಐಸ್ ಬೇಕಾದಷ್ಟಿತ್ತು.

ಗ್ಯಾರೇಜಿನಲ್ಲಿ ನನ್ನ ಇಪ್ಪತ್ತೆಂಟು ಅಡಿಯ ಏಣಿ ಗೋಡೆಗೆ ತೂಗುಬಿದ್ದಿತ್ತು. ಅದನ್ನು ನೋಡುತ್ತ ನಿಂತಾಗ ನೆನಪಾಯಿತು. ನೆನಪಾಯಿತು ಎಂದರೆ ಸುಳ್ಳು, ಎಂದೂ ಮರೆತಿರಲಿಲ್ಲ. ಐನಾರ್ ಅವರ ಮಣ್ಣಿನ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನಾನು ವೆರ್ನಾ ಅವರ ಕೈ ಹಿಡಿದು, ಬೇಸಿಗೆಗೆ ನನ್ನ ಏಣಿ ತಂದು ಮನೆ ಪೂರ್ತಿ ನಾನೇ ಬಳಿದುಕೊಡುತ್ತೇನೆ ಎಂದೆ. ಬೇಡಪ್ಪ, ನಿನಗ್ಯಾಕೆ ತೊಂದರೆ ಎಂದರು. ತೊಂದರೆ ಏನಿಲ್ಲ, ಖಂಡಿತ ಬರುತ್ತೇನೆ ಎಂದೆ. ಬೇಡ ಬೇಡ, ನಿನಗೆ ನಿನ್ನ ಕೆಲಸವೇ ಸಾಕಷ್ಟಿದೆ ಎಂದರು. ಎರಡು ಸಲ ಆಗಿತ್ತು. ತೊಟ್ಟಿಲಲ್ಲೇ ಕಲಿತವನು ನಾನು. ಮೂರನೆಯದೇ ನಿಜವಾದದ್ದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ನನ್ನ ಮುಖ ನೋಡುತ್ತ ಸ್ವಲ್ಪ ಕಾದರು ಕೂಡ. ನಾನು ಇನ್ನೊಂದು ಸ್ಯಾಂಡ್‌ವಿಚ್ ತೆಗೆದುಕೊಂಡೆ.

ಹನ್ನೊಂದು ಬೇಸಿಗೆ. ಅವರು ಸ್ಟೂಲಿನ ಮೇಲೆ. ನಾನು ಕಿಟಕಿಯಲ್ಲಿ, ಕುಂಚ ಹಿಡಿಯುವ ವಿಧಾನ ಹೇಳಿಕೊಡುತ್ತ.

ಸೋಮವಾರ ಬೆಳಿಗ್ಗೆ ಅವರ ಬಾಗಿಲು ತಟ್ಟಿದೆ. ಏನು ಹೇಳಬೇಕೆಂದು ಮೂರು ಪುಟದಷ್ಟು ಯೋಚಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು, "ವೆರ್ನಾ, ಮನೆ ಬಳಿದುಕೊಡ್ತೀನಿ ಅಂತ ಕೇಳೋಕೆ ಬಂದೆ. ಮೂರನೇ ಸಲ" ಎಂದಷ್ಟೇ. ಅವರು ಕೈಯೊರೆಸಿಕೊಂಡು ನನ್ನ ಹಿಂದೆ ಇಣುಕಿದರು.

"ನೀನು ಇಷ್ಟು ಹೇಳುವಾಗ" ಎಂದರು. "ಏಣಿ ತಂದಿದ್ದೀಯಾ?"

ಜುಲೈ ತಿಂಗಳು ಪೂರ್ತಿ ಅದೇ ಕೆಲಸ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಒಣಗಿದ್ದಾಗ ಕೆರೆಯಬಾರದು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸಿ, ಕೆರೆದು, ಕೊಳೆತ ಹಲಗೆ ಬದಲಿಸಿ, ಮೂರು ಗೋಡೆ ಬಳಿದೆ. ನಾಲ್ಕನೆಯದರಲ್ಲಿ ಸ್ಟೂಲಿನ ಎತ್ತರದಿಂದ ಮೇಲಕ್ಕೆ ಮಾತ್ರ. ಕೆಳಗೆ ವೆರ್ನಾ ಮುಟ್ಟಗೊಡಲಿಲ್ಲ. ಆರ್ವಿಲ್ ಮಡಿಸುವ ಕುರ್ಚಿ ತಂದು ನೆರಳಿನಲ್ಲಿ ಕೂತು, ನಾನು ಹಿಂದೆ ಊರಿಗೆಲ್ಲ ಕೊಟ್ಟ ಉಪದೇಶಗಳನ್ನು ಒಂದೂ ಬಿಡದೆ ನನಗೇ ವಾಪಸು ಕೊಟ್ಟ. ಆಗಸ್ಟಿನಲ್ಲಿ ನಮ್ಮ ಉತ್ತರದ ಗೋಡೆ. ಅಲ್ಲಿದ್ದ ಅಷ್ಟೂ ಚಿಂದಿ ಕಿತ್ತು, ಮಾರ್ಲಿಸ್ ಆರಿಸಿದ ತಿಳಿಹಸಿರಿನ ಹೊಸ ಪಟ್ಟಿಗಳನ್ನು ಈ ಸಲ ಕೆಲಸ ಗೊತ್ತಿರುವವರಿಂದ ಹಾಕಿಸಿದೆ. ಉಳಿದ ಮೂರು ಗೋಡೆಗೆ ಅದು ಹೊಂದುವುದಿಲ್ಲ. ನಮ್ಮ ಮನೆಯ ಅತ್ಯುತ್ತಮ ಗೋಡೆ ಈಗ ನಮಗೆ ಕಾಣುವುದೇ ಇಲ್ಲ. ನನಗೆ ಅದರ ಬಗ್ಗೆ ಸಣ್ಣ ಹೆಮ್ಮೆ. (ಪಶ್ಚಾತ್ತಾಪ ಪಟ್ಟವನಿಗೆ ಅಷ್ಟು ಹೆಮ್ಮೆಯಾದರೂ ಬೇಡವೇ?)

ಕೆಲಸ ಮುಗಿದ ಸಂಜೆ ವೆರ್ನಾ ನನ್ನನ್ನು ಕಾಫಿಗೆ ಕರೆದರು. ಎರಡು ಸಲ ಬೇಡವೆಂದು ಹೋದೆ. ಇಷ್ಟು ವರ್ಷದಲ್ಲಿ ನಾನು ಅವರ ಅಡುಗೆಮನೆಯ ಒಳಕ್ಕೆ ಹೋಗಿದ್ದು ಅದೇ ಮೊದಲು. ಪಾತ್ರೆ ತೊಳೆಯುವ ತೊಟ್ಟಿಯ ಎದುರಿನ ಕಿಟಕಿಯ ಬಳಿ, ಅವರು ನಿಲ್ಲುವ ಜಾಗದಲ್ಲೇ ನಿಂತು, ಹೇಗಿದೆ ಎಂದು ಕೇಳಿದೆ. ಕಣ್ಣಿನಲ್ಲಿ ಒಂದು ಹನಿ ಬಂದರೆ ಸಾಕು, ಹೆಚ್ಚೇನೂ ನಾನು ನಿರೀಕ್ಷಿಸಿರಲಿಲ್ಲ.

ಅವರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ" ಎಂದರು. ಬೇರೆ ಥರಾ ಎನ್ನಲಿಲ್ಲ. ನನ್ನ ಎದೆ ಉಬ್ಬಿತು. ಆಮೇಲೆ ಅವರು ಕಾಫಿಗೆ ಸಕ್ಕರೆ ಹಾಕಿ, ತಿರುವಿ, ಚಮಚ ಕೆಳಗಿಟ್ಟರು.

"ಮೊದಲು ಗೋಡೆಯಲ್ಲಿ ಅಷ್ಟೊಂದು ಬಣ್ಣ ಇತ್ತಲ್ಲ, ಕಣ್ಣು ಅಲ್ಲೆಲ್ಲ ಓಡಾಡ್ತಿತ್ತು. ಈಗ ಪೂರಾ ಒಂದೇ ಬಣ್ಣ. ನೋಡೋದಕ್ಕೆ ಉಳಿದಿರೋದು ನಿಮ್ಮ ಕಿಟಕಿ ಒಂದೇ."

ನಾನು ನೋಡಿದೆ. ತಿಳಿಹಸಿರು ಗೋಡೆಯ ನಟ್ಟನಡುವೆ, ಹೊಸ ಬಿಳಿ ಚೌಕಟ್ಟಿನೊಳಗೆ, ದೀಪ ಹಚ್ಚಿದ ನಮ್ಮ ಅಡುಗೆಮನೆ. ನಾನು ದಿನಾ ನಿಲ್ಲುವ ಜಾಗ ಹಣೆಯಿಂದ ಸೊಂಟದವರೆಗೆ ಸ್ಪಷ್ಟವಾಗಿ, ಚಿತ್ರಕ್ಕೆ ಗೆರೆ ಹಾಕಿ ಕೊಟ್ಟ ಹಾಗೆ ಕಾಣುತ್ತಿತ್ತು.

"ಡ್ವೇನ್" ಎಂದರು ವೆರ್ನಾ, ಬಹಳ ಮೃದುವಾಗಿ. "ಬೆಳಿಗ್ಗೆ ಒಂದು ಅಂಗಿ ಹಾಕ್ಕೊಂಡು ಕಾಫಿ ಕುಡಿದ್ರೆ ನಿನಗೆ ತೊಂದರೆ ಆಗುತ್ತಾ?"

ಮನೆಗೆ ಬಂದು ಮಾರ್ಲಿಸ್‌ಗೆ ಹೇಳಿದೆ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ನಾನೂ ಎರಡು ಸಲ ಹೇಳಿದ್ದೆ" ಎಂದಳು. "ಮೂರನೇದು ವೆರ್ನಾ ಹೇಳ್ಲಿ ಅಂತ ಬಿಟ್ಟಿದ್ದೆ."